ನೀಲಿ ತಗಡು, ನಂಬರ್ ೪೧೭

ಕನ್ನಡ ಸಂಘದ ಸ್ಮರಣ ಸಂಚಿಕೆ ಮೊನ್ನೆ ಅಂಚೆಯಲ್ಲಿ ಬಂತು. ಮೂವತ್ತೆರಡನೆಯ ಪುಟದಲ್ಲಿ, ಮನೆ ಮಾರಾಟದ ಏಜೆಂಟರೊಬ್ಬರ ಜಾಹೀರಾತಿನ ಕೆಳಗೆ, ನಮ್ಮ ಟ್ರಾಮ್ ಷೆಡ್ಡಿನ ಅಂಕಲ್ ಅವರ ಫೋಟೋ ಇದೆ. ಪಾಸ್‌ಪೋರ್ಟಿನಿಂದ ತೆಗೆದದ್ದಿರಬೇಕು, ಕಿವಿ ಎರಡೂ ಕಾಣುತ್ತಿವೆ. ಅದರಡಿ ಹೀಗೆ ಬರೆದಿದ್ದಾರೆ: “ಸದಾ ನಗುಮೊಗದ ಹಿರಿಯರು, ಸರಳತೆಯ ಸಾಕಾರಮೂರ್ತಿ. ರೈಲ್ವೆ ಇಂಜಿನಿಯರ್ ಆಗಿ ನಿವೃತ್ತರಾದ ಇವರು ಬಿಡುವಿನಲ್ಲಿ ಹಳೆಯ ಟ್ರಾಮುಗಳೊಂದಿಗೆ ಕಾಲ ಕಳೆಯುತ್ತಿದ್ದರು.”

ಎರಡು ವಾಕ್ಯದಲ್ಲಿ ನಾಲ್ಕು ಸುಳ್ಳು. ಅವರದು ನಗುಮೊಗವಲ್ಲ. ಸರಳ ಮನುಷ್ಯರೂ ಅಲ್ಲ, ಅವರಷ್ಟು ತೊಡಕಿನ, ಹಟದ, ಬಾಯಿಜೋರಿನ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಅವರು ಇಂಜಿನಿಯರ್ ಅಲ್ಲ, ಬ್ರೇಕ್ ಫಿಟ್ಟರ್. ಯಾರಾದರೂ ಇಂಜಿನಿಯರ್ ಎಂದರೆ ಅಲ್ಲೇ ತಿದ್ದುತ್ತಿದ್ದರು. ಇನ್ನು ಕಾಲ ಕಳೆಯುವುದು! ಅವರು ಕಾಲ ಕಳೆದದ್ದನ್ನು ನಾನು ನೋಡಿದ್ದರೆ ತಾನೆ.

ಮೊದಲು ನನ್ನನ್ನೇ ಬರೆಯಲು ಕೇಳಿದ್ದರು. “ಇನ್ನೂರು ಪದ ಸಾಕು ಮೇಡಂ, ಪಾಸಿಟಿವ್ ಆಗಿರ್ಲಿ” ಎಂದರು ಸಂಘದ ಕಾರ್ಯದರ್ಶಿ. ಆಗುವುದಿಲ್ಲ ಎಂದೆ. ಇನ್ನೂರು ಪದದಲ್ಲಿ ಆಗುವುದಿಲ್ಲ ಎಂದುಕೊಂಡರೋ ಏನೋ, “ಮುನ್ನೂರು ಮಾಡೋಣ” ಎಂದರು. ಪಾಸಿಟಿವ್ ಆಗುವುದಿಲ್ಲ ಎಂದು ಬಿಡಿಸಿ ಹೇಳಬೇಕಾಯಿತು. ಆಗ ಅವರೇ ಬರೆದುಕೊಂಡರು.

ವಾಷಿಂಗ್ಟನ್ನಿಗೂ ಬಾಲ್ಟಿಮೋರಿಗೂ ನಡುವೆ, ಕಾಡಿನಂಚಿನಲ್ಲಿ ಒಂದು ರೈಲು ಮ್ಯೂಸಿಯಂ ಇದೆ. ಒಂದು ಕಾಲದಲ್ಲಿ ಈ ಊರುಗಳ ಬೀದಿಗಳಲ್ಲಿ ಟ್ರಾಮುಗಳು ಓಡುತ್ತಿದ್ದವು. ಇಲ್ಲಿಯವರು ಸ್ಟ್ರೀಟ್‌ಕಾರ್ ಎನ್ನುತ್ತಾರೆ. ಬಸ್ಸು, ಕಾರು ಹೆಚ್ಚಾದ ಮೇಲೆ ಹಳಿ ಕಿತ್ತರು, ಟ್ರಾಮುಗಳನ್ನು ಗುಜರಿಗೆ ಹಾಕಿದರು. ಹೇಗೋ ಉಳಿದ ಹತ್ತೋ ಹನ್ನೆರಡೋ ಟ್ರಾಮುಗಳು ಇಲ್ಲಿನ ಷೆಡ್ಡಿನಲ್ಲಿ ನಿಂತಿವೆ. ಭಾನುವಾರ ಒಂದೆರಡನ್ನು ಹೊರಗೆ ತಂದು, ಮರಗಳ ನಡುವಿನ ಒಂದು ಮೈಲಿ ಹಳಿಯ ಮೇಲೆ ಜನರನ್ನು ಕೂರಿಸಿಕೊಂಡು ಹೋಗಿ ಬರುತ್ತೇವೆ. ಓಡಿಸುವವರು, ರಿಪೇರಿ ಮಾಡುವವರು, ಟಿಕೆಟ್ ಹರಿಯುವವರು, ಕಕ್ಕಸು ತೊಳೆಯುವವರು ಎಲ್ಲರೂ ಸ್ವಯಂಸೇವಕರೇ.

ನಾನು ಅಲ್ಲಿಗೆ ಹೋದದ್ದು ೨೦೨೧ರ ವಸಂತದಲ್ಲಿ. ಒಂದು ವರ್ಷಕ್ಕೂ ಮಿಕ್ಕಿ, ಅಲ್ಲೇ ಹತ್ತಿರದ ಕೊಲಂಬಿಯಾ ಎಂಬ ಊರಿನ ನಮ್ಮ ಮನೆಯ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಇನ್ಶೂರೆನ್ಸ್ ಕ್ಲೇಮುಗಳ ಕಾಗದ ತಿದ್ದಿ ತಿದ್ದಿ, ಕೊನೆಗೆ ಉಪ್ಪಿನ ಡಬ್ಬಿಗೂ ಮೌಸಿಗೂ ವ್ಯತ್ಯಾಸ ತಿಳಿಯದ ಹಾಗಾಗಿತ್ತು. ಮ್ಯೂಸಿಯಂ ಮತ್ತೆ ತೆರೆದಿದೆ, ಜನ ಬೇಕಾಗಿದ್ದಾರೆ ಎಂಬ ಫಲಕ ದಾರಿಯಲ್ಲಿ ಕಂಡಿತು. ಹೋದೆ. ನನ್ನ ಅಕ್ಷರ ನೋಡಿ ಷೆಡ್ಡಿನ ಕೆಲಸದ ದಿನಚರಿ ಪುಸ್ತಕ ಬರೆಯುವುದನ್ನು ನನಗೆ ವಹಿಸಿದರು. ಯಾವ ಟ್ರಾಮಿಗೆ ಯಾರು ಏನು ಮಾಡಿದರು, ಏನು ಬಾಕಿ. ಮನೆಯಲ್ಲೂ ನಾನು ಹಾಲು ಎಂದು ಒಡೆಯಿತು ಎಂಬುದನ್ನು ಕ್ಯಾಲೆಂಡರಿನಲ್ಲಿ ಬರೆದಿಡುವವಳು. ನನಗೆ ಅದು ಕೆಲಸವೆನಿಸಲಿಲ್ಲ.

ಎರಡನೆಯ ಬುಧವಾರ ಷೆಡ್ಡಿನಲ್ಲಿ ನಿಂತು ತಂಗಿಯ ಜೊತೆ ಫೋನಿನಲ್ಲಿದ್ದೆ. “ಬ್ಯಾಡಗಿ ಸಿಗ್ಲಿಲ್ಲ ಅಂದ್ರೆ ಗುಂಟೂರು ಅರ್ಧ ಹಾಕೆ” ಎನ್ನುತ್ತಿದ್ದೆ, ಅಷ್ಟರಲ್ಲಿ ಪಕ್ಕದ ಹಳದಿ ಟ್ರಾಮಿನ ಹೊಟ್ಟೆಯಡಿಯಿಂದ ಒಂದು ಗದರಿಕೆ ಬಂತು.

“ಫೋನ್ ಆಚೆ ತಗೊಂಡ್ಹೋಗಮ್ಮ! ಗಾಳಿ ಸೋರೋದು ಕೇಳಿಸ್ತಿಲ್ಲ ಇಲ್ಲಿ!”

ಮೇರಿಲ್ಯಾಂಡಿನ ಕಾಡಿನಲ್ಲಿ ಟ್ರಾಮಿನ ಅಡಿಯಿಂದ ಅಚ್ಚ ಮೈಸೂರು ಕಡೆಯ ಬೈಗುಳ. ನಾನು ಬಗ್ಗಿ “ಯಾರದು?” ಎಂದೆ.

“ಯಾರಾದ್ರೇನು? ಹೋಗು ಮೊದ್ಲು.”

ಅರ್ಧ ಗಂಟೆಯ ಮೇಲೆ ಹೊರಗೆ ಬಂದರು. ಕುಳ್ಳು ಮೈ, ಎಪ್ಪತ್ತು ದಾಟಿದ ವಯಸ್ಸು, ನೀಲಿ ಡಂಗರಿ, ಷೂ ಲೇಸಿನಿಂದ ಕಟ್ಟಿದ ಕನ್ನಡಕ. ನಮ್ಮವರು ಸಿಕ್ಕರೆ ಮೊದಲು ಯಾವೂರು ಎಂದು ಕೇಳುತ್ತಾರಲ್ಲ, ಅವರು ಅದನ್ನು ಕೇಳಲಿಲ್ಲ. “ಕಿವಿ ನೆಟ್ಟಗಿದ್ಯಾ ನಿಂದು?” ಎಂದರು. ಇದೆ ಎಂದೆ. “ಹಾಗಾದ್ರೆ ಬಾ, ಕೂತ್ಕೊ, ಉಸಿರು ಬಿಡ್ಬೇಡ.”

ಆ ಟ್ರಾಮುಗಳ ಬ್ರೇಕು ಗಾಳಿಯದು. ನೆಲದಡಿಯ ಪಂಪು ಗಾಳಿ ತುಂಬುತ್ತದೆ. ಚಾಲಕ ಹಿಡಿ ತಿರುಗಿಸಿದರೆ ಆ ಗಾಳಿ ಒಂದು ಉಕ್ಕಿನ ಸಿಲಿಂಡರಿಗೆ ನುಗ್ಗಿ, ಒಳಗಿನ ಬಿಲ್ಲೆಯನ್ನು ತಳ್ಳಿ, ಚಕ್ರಕ್ಕೆ ಬ್ರೇಕು ಒತ್ತಿಸುತ್ತದೆ. ಬಿಲ್ಲೆಯ ಸುತ್ತ ಗಾಳಿ ನುಸುಳದಂತೆ ಚರ್ಮದ ಒಂದು ಬಟ್ಟಲು. ನೂರು ವರ್ಷದ ಹಿಂದೆಯೂ ಚರ್ಮ, ಈಗಲೂ ಚರ್ಮ. ಅದು ಒಣಗಿದರೆ ಬ್ರೇಕು ಹಿಡಿಯುತ್ತದೆ, ಹಿಡಿದು, ಮೆಲ್ಲಗೆ ಕೈಬಿಡುತ್ತದೆ. “ಹಿಡಿಯದೇ ಇರೋ ಬ್ರೇಕಿಗೆ ಜನ ಹೆದರ್ತಾರೆ. ಹಿಡಿದ ಹಾಗೆ ಮಾಡತ್ತಲ್ಲ, ಅದು ಕೊಲ್ಲತ್ತೆ” ಎನ್ನುತ್ತಿದ್ದರು.

ಸೋರಿಕೆ ಹುಡುಕಲು ಉಳಿದವರು ಅಂಗಡಿಯ ಸ್ಪ್ರೇ ತರುತ್ತಿದ್ದರು. ಇವರದು ಅಂಟುವಾಳದ ಕಾಯಿ. ಹೆಂಡತಿ ರೇಷ್ಮೆ ಸೀರೆ ಒಗೆಯಲೆಂದು ಊರಿಂದ ತರಿಸಿಟ್ಟಿದ್ದನ್ನು ಕದ್ದು ತಂದು, ಥರ್ಮಾಸಿನಲ್ಲಿ ನೆನೆಹಾಕಿ, ನೊರೆಯನ್ನು ಕೊಳವೆಯ ಸಂದುಗಳಿಗೆ ಬ್ರಷ್ಷಿನಿಂದ ಬಳಿಯುತ್ತಿದ್ದರು. “ಸ್ಪ್ರೇ ಗುಳ್ಳೆ ಟಪ್ ಅಂತ ಒಡೆದ್ಹೋಗತ್ತೆ, ಇದು ನಿಂತು ಲೆಕ್ಕ ಒಪ್ಪಿಸತ್ತೆ.” ಆಮೇಲೆ ಬ್ರೇಕು ಹಾಕಿ, ಗಾಳಿಯ ಒತ್ತಡ ತೋರಿಸುವ ಮುಳ್ಳು ನೋಡುತ್ತ ಹದಿನೈದು ನಿಮಿಷ ಕೂರುವುದು. ಮಾತಿಲ್ಲ. ಮುಳ್ಳು ಒಂದು ಗೀಟು ಇಳಿದರೂ ಮತ್ತೆ ಹೊಟ್ಟೆಯಡಿಗೆ. ಮ್ಯೂಸಿಯಂನ ಅಧ್ಯಕ್ಷ, ನಿವೃತ್ತ ವಕೀಲ, ಚೆಂದದ ನಗುವಿನ ಅಮೆರಿಕನ್, ಒಮ್ಮೆ ಬಂದು ಒಂದು ಗೀಟು ತಾನೆ ಎಂದದ್ದಕ್ಕೆ ಇವರು ಇಂಗ್ಲಿಷಿನಲ್ಲಿ, ನಿನ್ನ ಮೊಮ್ಮಗಳನ್ನು ಕರೆದು ಹಳಿಯ ಮೇಲೆ ನಿಲ್ಲಿಸು, ಈಗಲೇ ಓಡಿಸುತ್ತೇನೆ ಎಂದಿದ್ದರು. ಅಧ್ಯಕ್ಷರು ಆ ದಿನ ನಗಲಿಲ್ಲ.

ನಮ್ಮೂರಿನ ಕಡೆಯ ಒಂದು ರೈಲ್ವೆ ಕಾರ್ಖಾನೆಯಲ್ಲಿ ಹದಿನಾರಕ್ಕೆ ಅಪ್ರೆಂಟಿಸ್ ಆಗಿ ಸೇರಿದವರು. ಭಾವಮೈದುನ ಕರೆಸಿಕೊಂಡದ್ದರಿಂದ ಇಲ್ಲಿಗೆ ಬಂದು, ವಾಷಿಂಗ್ಟನ್ ಕಡೆಯ ರೈಲು ಯಾರ್ಡೊಂದರಲ್ಲಿ ಬ್ರೇಕು ಕಟ್ಟುತ್ತ ನಿವೃತ್ತರಾದರು. ಆಮೇಲೂ ಅದನ್ನೇ ಮಾಡಿದರು, ಸಂಬಳ ಒಂದಿರಲಿಲ್ಲ.

ಇನ್ನು ಆ ತಗಡು.

ಷೆಡ್ಡಿನಲ್ಲಿ ಒಂದು ನಿಯಮವಿದೆ. ಟ್ರಾಮಿನ ಮೇಲೆ ಯಾರಾದರೂ ಕೆಲಸ ಮಾಡುತ್ತಿದ್ದರೆ, ಓಡಿಸುವ ಹಿಡಿಗೆ ತಮ್ಮ ನೀಲಿ ಬಿಲ್ಲೆ ನೇತುಹಾಕಬೇಕು. ಅದು ನೇತಾಡುತ್ತಿರುವಷ್ಟು ಹೊತ್ತು ಆ ಟ್ರಾಮು ಕದಲಬಾರದು. ಹಾಕಿದವರೇ ತೆಗೆಯಬೇಕು, ಬೇರೆ ಯಾರೂ ಮುಟ್ಟುವಂತಿಲ್ಲ. ಹಾಕಿದವರು ಮನೆಗೆ ಹೋಗಿದ್ದರೆ ಫೋನು ಮಾಡಿ ಕರೆಸಬೇಕು. ಬರಲಾಗದ ಸ್ಥಿತಿಯಲ್ಲಿದ್ದರೆ, ಅವರ ಕೆಲಸವನ್ನು ಇನ್ನೊಬ್ಬರು ಪೂರ್ತಿ ಮುಗಿಸಿ, ಪರೀಕ್ಷೆ ಮಾಡಿ, ಪುಸ್ತಕದಲ್ಲಿ ಸಹಿ ಹಾಕಿ ತೆಗೆಯಬೇಕು. ಉಳಿದವರ ಬಿಲ್ಲೆಗಳು ಪ್ಲಾಸ್ಟಿಕ್ಕಿನವು, ಹೆಸರು ಬರೆದವು. ಇವರದು ತುಪ್ಪದ ಡಬ್ಬಿಯ ಮುಚ್ಚಳ ಬಡಿದು ಮಾಡಿದ ತಗಡು. ಹೆಸರಿಲ್ಲ. ಬಿಳಿ ಬಣ್ಣದಲ್ಲಿ ೪೧೭ ಎಂದು ಕನ್ನಡ ಅಂಕಿ. ಊರಿನ ಕಾರ್ಖಾನೆಯಲ್ಲಿ ಅವರ ಟಿಕೆಟ್ ನಂಬರಂತೆ, ಹಾಜರಿಗೆ ಪ್ರತಿ ಕೆಲಸಗಾರನಿಗೂ ಕೊಡುವಂಥದು. ಅಲ್ಲಿದ್ದ ಅಮೆರಿಕನ್ನರು ಯಾರಿಗೂ ಅದನ್ನು ಓದಲು ಬರುತ್ತಿರಲಿಲ್ಲ. ಆದರೆ ಒಬ್ಬರೂ ಅದನ್ನು ಮುಟ್ಟುತ್ತಿರಲಿಲ್ಲ.

ಮುಟ್ಟಿದವಳು ನಾನು.

ಮರುವರ್ಷದ ಬೇಸಿಗೆ. ಆಗ ನಾನು ಓಡಿಸುವುದನ್ನೂ ಕಲಿಯುತ್ತಿದ್ದೆ. ಅವರೇ ಕಲಿಸುತ್ತಿದ್ದರು. ತಮ್ಮ ಊಟದ ಮಜ್ಜಿಗೆಯನ್ನು ಸ್ಟೀಲ್ ಲೋಟಕ್ಕೆ ಕಂಠಮಟ್ಟ ತುಂಬಿ ನನ್ನ ಕಾಲ ಬಳಿ ಇಡುತ್ತಿದ್ದರು. “ಹೊರಡ್ಸೋದು ಯಾರಾದ್ರೂ ಮಾಡ್ತಾರೆ, ನಿಲ್ಸು ನೋಡೋಣ. ಚೆಲ್ಲಿದ್ರೆ ನಂಗೆ ಮಜ್ಜಿಗೆ ಇಲ್ಲ.” ಆ ಜೂನಿನಲ್ಲಿ ಅವರು ಮಜ್ಜಿಗೆ ಕುಡಿದದ್ದು ಎರಡೇ ದಿನ. ಒಂದು ದಿನ ನಾನು ಮನೆಯಿಂದ ಇನ್ನೊಂದು ಬಾಟಲಿ ತಂದುಕೊಟ್ಟೆ. “ಲಂಚಾನಾ?” ಎಂದು ವಾಪಸ್ ಕೊಟ್ಟರು.

ಆ ಭಾನುವಾರ ಮಕ್ಕಳ ಗುಂಪೊಂದು ಬರುವುದಿತ್ತು. ಹಳದಿ ಟ್ರಾಮಿನ ಹಿಡಿಯಲ್ಲಿ ತಗಡು ನೇತಾಡುತ್ತಿತ್ತು. ಅವರು ಹೊರಗೆ ಬೆಂಚಿನ ಮೇಲೆ ಅವಲಕ್ಕಿ ಮೊಸರು ತಿನ್ನುತ್ತಿದ್ದರು. ಕೆಲಸ ಮುಗಿದಿದೆ, ಮರೆತು ಹೋಗಿದ್ದಾರೆ ಎಂದುಕೊಂಡೆ. ಸುಳ್ಳೇಕೆ, ಎಂದುಕೊಳ್ಳಲೂ ಇಲ್ಲ. ಮನೆಯಲ್ಲಿ ಗಂಡ ಕುರ್ಚಿಯ ಮೇಲೆ ಬಿಟ್ಟ ಟವೆಲನ್ನು ಕೈ ತಾನಾಗಿ ಎತ್ತಿ ಗೂಟಕ್ಕೆ ಹಾಕುತ್ತದಲ್ಲ, ಹಾಗೆ. ತಗಡನ್ನು ತೆಗೆದೆ, ಸೆರಗಿಲ್ಲದ್ದರಿಂದ ಅಂಗಿಯ ತುದಿಯಿಂದ ಒರೆಸಿದೆ, ಗೋಡೆಯ ಮೇಲಿನ ಅದರ ಮೊಳೆಗೆ ನೇತುಹಾಕಿದೆ. ಓರಣವಾಗಿ ಕಂಡಿತು.

ಹತ್ತು ನಿಮಿಷದ ಮೇಲೆ ಇನ್ನೊಬ್ಬ ಚಾಲಕ ಬಂದು, ಹಿಡಿಯಲ್ಲಿ ಬಿಲ್ಲೆ ಇಲ್ಲವೆಂದು ನೋಡಿ, ವಿದ್ಯುತ್ ತಂತಿಗೆ ಕೋಲು ಏರಿಸಿದ. ಟ್ರಾಮಿನ ನೆತ್ತಿಯ ಆ ಉದ್ದ ಕೋಲು ತಂತಿಗೆ ತಾಗಿದರೆ ಜೀವ ಬಂತೆಂದೇ ಅರ್ಥ. ಪಂಪು ಡಗಡಗ ಎಂದಿತು. ಬೆಂಚಿನಿಂದ ಅವಲಕ್ಕಿಯ ಡಬ್ಬಿ ಹಾರಿದ್ದು ಮಾತ್ರ ನೋಡಿದೆ. ಆ ವಯಸ್ಸಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ಕಂಡಿಲ್ಲ. ಹಿಂಬದಿಯ ಹಗ್ಗಕ್ಕೆ ಜೋತುಬಿದ್ದು ಕೋಲನ್ನು ತಂತಿಯಿಂದ ಕಿತ್ತರು. ಬ್ರೇಕಿನ ಸಲಾಕೆಯ ಮೊಳೆಯನ್ನು ಬಿಚ್ಚಿಟ್ಟು ಅವರು ಊಟಕ್ಕೆ ಕೂತಿದ್ದರು. ಆ ಟ್ರಾಮಿಗೆ ಆ ಹೊತ್ತಿನಲ್ಲಿ ಬ್ರೇಕೇ ಇರಲಿಲ್ಲ.

“ಯಾರು ತೆಗ್ದಿದ್ದು?”

ನಾನು ಎಂದೆ.

ಅಷ್ಟರಲ್ಲಿ ಬಂದು ಸೇರಿದ್ದ ಮೂವತ್ತು ಮಕ್ಕಳು, ಅವರ ತಾಯ್ತಂದೆ, ಅಧ್ಯಕ್ಷರು, ಎಲ್ಲರ ಎದುರು ಕನ್ನಡದಲ್ಲಿ ಬೈದರು. ಅಲ್ಲಿದ್ದವರಿಗೆ ಒಂದು ಪದವೂ ತಿಳಿಯದಿದ್ದರೂ ಎಲ್ಲವೂ ತಿಳಿಯಿತು. ಆಮೇಲೆ ನನ್ನನ್ನು ಹಳಿಗಳ ನಡುವಿನ ರಿಪೇರಿ ಗುಂಡಿಗೆ ಇಳಿಸಿದರು. ಟ್ರಾಮಿನಡಿ, ಚಕ್ರದ ಪಕ್ಕಕ್ಕೆ ಮುಖ ಬರುವಂತೆ ಮಲಗಿಸಿ, “ಹತ್ತು ನಿಮಿಷ ಇಲ್ಲೇ ಇರು. ನೀನು ಇಲ್ಲಿದ್ದಾಗ ಮೇಲೆ ಯಾರೋ ಒಬ್ಬಳು ಮನೆ ಓರಣ ಮಾಡ್ತಿದಾಳೆ ಅಂದ್ಕೊ” ಎಂದು ಹೋದರು. ಗಡಿಯಾರ ನೋಡಿ ಸರಿಯಾಗಿ ಹತ್ತು ನಿಮಿಷಕ್ಕೆ ಬಂದು ಎಬ್ಬಿಸಿದರು.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಲವತ್ತೊಂಬತ್ತು ವರ್ಷದ ಹೆಂಗಸು ನಾನು. ಆರು ವಾರ ಷೆಡ್ಡಿನ ಕಡೆ ಸುಳಿಯಲಿಲ್ಲ. ಅವರು ಫೋನು ಮಾಡಲಿಲ್ಲ, ಕ್ಷಮೆ ಕೇಳಲಿಲ್ಲ. ಏಳನೆಯ ವಾರ ನಾನೇ ಹೋದೆ. ಪುಸ್ತಕದಲ್ಲಿ ಆರು ವಾರದ ಪುಟಗಳು ಖಾಲಿ ಇದ್ದವು. ಅವರು ಚೀಟಿಗಳಲ್ಲಿ ಗೀಚಿದ್ದನ್ನೆಲ್ಲ ಒಂದು ಕ್ಲಿಪ್ಪಿಗೆ ಹಾಕಿ ಪುಸ್ತಕದ ಮೇಲಿಟ್ಟಿದ್ದರು. “ನಿನ್ ಪುಸ್ತಕ, ನೀನೇ ಬರ್ಕೊ.” ಅಷ್ಟೇ ಮಾತು.

ಆ ವರ್ಷ ಚಳಿ ಬೀಳುವ ಮೊದಲು ಚರ್ಮದ ಬಟ್ಟಲು ಕೂರಿಸುವುದನ್ನು ಕಲಿಸಿದರು. ಚರ್ಮವನ್ನು ಎಣ್ಣೆಯಲ್ಲಿ ದಿನಗಟ್ಟಲೆ ನೆನೆಸಿ, ಕೂರಿಸುವ ಮೊದಲು ಅಂಗೈಗಳ ನಡುವೆ ಹಿಡಿದು ಬಿಸಿ ಮಾಡುತ್ತಿದ್ದರು, ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ. ಆಗ ಮಾತ್ರ ಅವರ ಮುಖ ಮೆತ್ತಗಾಗುತ್ತಿತ್ತು. ಮಾತನಾಡಿಸಿದರೆ ಮತ್ತೆ ಗಟ್ಟಿ. ನಾನು ಒಬ್ಬಳೇ ಕೂರಿಸಿದ ಮೊದಲ ಚರ್ಮ ಹದಿನೈದು ನಿಮಿಷ ನಿಂತ ದಿನ ಅವರು ಥರ್ಮಾಸ್ ತೊಳೆದುಕೊಂಡು ಮನೆಗೆ ಹೋದರು. ಮುಂದಿನ ಬುಧವಾರ ಒಂದು ನೀಲಿ ತಗಡು ತಂದು ನನ್ನ ಪುಸ್ತಕದ ಮೇಲೆ ಎಸೆದರು. ೪೧೮.

“ನಂಗ್ಯಾವ ಟಿಕೆಟ್ ನಂಬರಿತ್ತು ಅಂಕಲ್?”

“ಈಗಿದೆ. ಹಾಕಿದ್ರೆ ನೀನೇ ತೆಗೀಬೇಕು. ಇನ್ನೇನೂ ಇಲ್ಲ ಅದ್ರಲ್ಲಿ.”

ಸಂಘದವರಿಗೆ ಅವರು ಗೊತ್ತಿರಲಿಲ್ಲವೆಂದಲ್ಲ. ಹೆಂಡತಿಯ ಬಲವಂತಕ್ಕೆ ಯುಗಾದಿಗೆ, ಗಣೇಶನಿಗೆ ಬರುತ್ತಿದ್ದರು. ಒಂದು ಯುಗಾದಿಯಲ್ಲಿ ಊಟದ ಸಾಲಿನಲ್ಲಿ ನಾನು ಅವರ ಹಿಂದೆಯೇ ಇದ್ದೆ. ಮುಂದಿದ್ದವನು ಇವರನ್ನು ಕೇಳಿದ: “ಸಾರ್ ಯಾವ್ ಕಂಪ್ನೀಲಿದ್ರಿ?”

“ಬ್ರೇಕು.”

“ಓ, ಆಟೋಮೋಟಿವ್ ಸಾಫ್ಟ್‌ವೇರಾ?”

“ಅಲ್ಲಪ್ಪ. ಬ್ರೇಕು. ಕೈ ಕಪ್ಪಾಗತ್ತಲ್ಲ, ಅದು.”

ಅವನು ನಕ್ಕು, ಒಬ್ಬಟ್ಟು ಹಾಕಿಸಿಕೊಂಡು, ಬೇರೆ ಮೇಜಿಗೆ ಹೋದ. ಹೀಗೆ ತಟ್ಟೆ ಹಿಡಿದು ಬೇರೆ ಮೇಜಿಗೆ ಹೋದವರನ್ನು ನಾನು ಎಷ್ಟು ನೋಡಿದ್ದೇನೆ! ಅವನೇ ಆಮೇಲೆ ಸಂಘದ ಕಾರ್ಯದರ್ಶಿಯಾದ. ಆಶ್‌ಬರ್ನಿನ ಒಂದು ಡೇಟಾ ಸೆಂಟರಿನಲ್ಲಿ ದೊಡ್ಡ ಕೆಲಸ, ಹಲ್ಲಿನ ಜಾಹೀರಾತಿನಂಥ ನಗು. ಮೊದಲು ಅವರು ಎಂದೇ ಬರೆದೆ, ಇನ್ನು ಅವನಿಗೆ ಬಹುವಚನ ಬಳಸಲು ನನ್ನ ಕೈ ಏಳುತ್ತಿಲ್ಲ.

೨೦೨೪ರ ಸೆಪ್ಟೆಂಬರಿನ ಒಂದು ಬುಧವಾರ ಅವರು ಬರಲಿಲ್ಲ. ಹಿಂದಿನ ವಾರ ಹಳದಿ ಟ್ರಾಮಿನ ಚರ್ಮ ಸೋರುತ್ತಿದೆಯೆಂದು ಕಂಡುಹಿಡಿದು, ಹೊಸ ಚರ್ಮಕ್ಕೆ ಬರೆದು, ತಗಡು ಹಾಕಿ ಹೋಗಿದ್ದರು. ಪುಸ್ತಕದಲ್ಲಿ ನನ್ನ ಅಕ್ಷರದಲ್ಲೇ ಇದೆ: “ಹಳದಿ. ಬ್ರೇಕ್ ಚರ್ಮ ಸೋರಿಕೆ. ಹದಿನೈದು ನಿಮಿಷಕ್ಕೆ ಒಂಬತ್ತು ಗೀಟು. ಓಡಿಸಬಾರದು. ೪೧೭.” ಹನ್ನೊಂದರವರೆಗೆ ಕಾದೆ. ಆಮೇಲೆ ಅವರ ಹೆಂಡತಿಯ ಫೋನು ಬಂತು. ಷೆಡ್ಡಿಗೆ ಹೊರಡಲು ಷೂ ಕಟ್ಟಿಕೊಳ್ಳುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ, ಮತ್ತೆ ಏಳಲಿಲ್ಲವಂತೆ. ಒಂದು ಕಾಲಿನದು ಕಟ್ಟಿತ್ತು, ಇನ್ನೊಂದು ಕಾಲಿನದು ಕಟ್ಟಿರಲಿಲ್ಲ.

ತಗಡು ಹಿಡಿಯಲ್ಲೇ ಇತ್ತು.

ಆ ವರ್ಷದ ರಾಜ್ಯೋತ್ಸವದ ಪಿಕ್‌ನಿಕ್ಕನ್ನು ಮ್ಯೂಸಿಯಂನಲ್ಲಿ ಮಾಡುವುದೆಂದು ಕಾರ್ಯದರ್ಶಿ ಹೊರಟ. ಅವರ ಹೆಂಡತಿಗೆ ಶಾಲು ಹೊದಿಸಿ ಸನ್ಮಾನ, ಆಮೇಲೆ ಎಲ್ಲರಿಗೂ ಟ್ರಾಮ್ ಸವಾರಿ. ಅಕ್ಟೋಬರಿನ ಸಭೆಯಲ್ಲಿ ಅವನಿಗೂ ಮ್ಯೂಸಿಯಂನ ಅಧ್ಯಕ್ಷರಿಗೂ ಎದುರೆದುರೇ ಹೇಳಿದೆ: ಹಸಿರು ಟ್ರಾಮು ತಯಾರಿದೆ, ಹಳದಿಯದಕ್ಕೆ ತಗಡು ಬಿದ್ದಿದೆ, ಅದು ಕದಲುವುದಿಲ್ಲ. ಅಧ್ಯಕ್ಷರು ತಲೆಯಾಡಿಸಿ ಬರೆದುಕೊಂಡರು. “ಹಳದಿ ಆದ್ರೆ ಕೆಂಪು ಬಟ್ಟೆ ಕಟ್ಟಿದ್ರೆ ಬಾವುಟಾನೇ ರೆಡಿ ಮೇಡಂ” ಎಂದ ಇವನು. ಆಗಲ್ಲ ಎಂದೆ. “ಓಕೆ ಓಕೆ, ಸೇಫ್ಟಿ ಫಸ್ಟ್” ಎಂದು ಹೆಬ್ಬೆರಳು ತೋರಿಸಿದ.

ಆ ದಿನ ನನ್ನ ಪಾಲಿಗೆ ಅರವತ್ತು ಜನರ ಬಿಸಿಬೇಳೆಭಾತ್ ಇತ್ತು. ಎರಡು ದೊಡ್ಡ ಟ್ರೇ ಕಾರಿಗೆ ಹೇರಿಕೊಂಡು ಹೋಗುವಾಗ ಅರ್ಧ ಗಂಟೆ ತಡ. ಟ್ರೇ ಹಿಡಿದು ಕಾರಿನಿಂದ ಇಳಿದರೆ ಎದುರಿಗೇ ಹಳದಿ ಟ್ರಾಮು. ತೇರಿನ ಹಾಗೆ ಹಗ್ಗ ಕಟ್ಟಿ ಷೆಡ್ಡಿನಿಂದ ಎಳೆದು ತಂದಿದ್ದಾರೆ. ಕೆಂಪು ಬಟ್ಟೆ, ಬಾಳೆಕಂಬ, ಹಣೆಯ ಮೇಲೆ ಭುವನೇಶ್ವರಿಯ ಪಟ. ಒಳಗೆ ಮಕ್ಕಳು ಕಿಕ್ಕಿರಿದಿದ್ದಾರೆ. ಮೊದಲನೆಯ ಸೀಟಿನಲ್ಲಿ ಶಾಲು ಹೊದ್ದು ಅವರ ಹೆಂಡತಿ. ಚಾಲಕನ ಜಾಗದಲ್ಲಿ ಟೋಪಿ ಹಾಕಿದ ಅಧ್ಯಕ್ಷರು. ಪಂಪು ಡಗಡಗ ಎನ್ನುತ್ತಿದೆ. ಮುಂದೆ ಕಾಡಿನೊಳಕ್ಕೆ ಇಳಿಜಾರು.

ಮುಂದಿನ ದೀಪಕ್ಕೆ, ಸೇವಂತಿಗೆ ಹಾರದ ನಡುವೆ, ೪೧೭.

“ಇದು ಇಲ್ಯಾಕೆ ಬಂತು?” ಎಂದೆ.

“ನೋಡಿದ್ರಾ ಮೇಡಂ!” ಕಾರ್ಯದರ್ಶಿ ಫೋನು ಹಿಡಿದುಕೊಂಡೇ ಬಂದ. “ಒಳಗೆ ಯಾವ್ದೋ ಹ್ಯಾಂಡಲ್‌ಗೆ ನೇತಾಡ್ತಿತ್ತು. ಕನ್ನಡ ಅಂಕಿ! ಈ ಕಾಡಲ್ಲಿ! ಗೂಸ್‌ಬಂಪ್ಸ್ ಬಂತು ನಂಗೆ. ಅಲ್ಲಿದ್ರೆ ಯಾರಿಗ್ ಕಾಣತ್ತೆ, ಮುಂದೆ ಹಾಕಿದ್ರೆ ಎಲ್ಲಾ ಫೋಟೋಲೂ ಬರತ್ತೆ ಅಂತ—”

ಒಳಗೆ ಗಂಟೆ ಎರಡು ಸಲ ಹೊಡೆಯಿತು. ಎರಡು ಸಲವೆಂದರೆ ಹೊರಡು.

ಟ್ರೇ ಕೈಯಿಂದ ಎಲ್ಲಿ ಬಿತ್ತೋ. ಓಡಿ ಹಿಂಬದಿಯ ಹಗ್ಗ ಹಿಡಿದು, ಮೈಭಾರವನ್ನೆಲ್ಲ ಹಾಕಿ ಎಳೆದೆ. ಕೋಲು ತಂತಿ ಬಿಟ್ಟಿತು. ದೀಪ ಆರಿತು, ಪಂಪು ನಿಂತಿತು. ಟ್ರಾಮು ಇನ್ನೂ ಒಂದು ಗೇಣೂ ಕದಲಿರಲಿಲ್ಲ. ಒಳಗೆ ಮಕ್ಕಳು ಒಂದೇ ಸಲ “ಆವ್!” ಎಂದರು.

ಅಧ್ಯಕ್ಷರು ಇಳಿದು ಬಂದು, ಹಿಡಿಯಲ್ಲಿ ಬಿಲ್ಲೆ ಇರಲಿಲ್ಲವಲ್ಲ, ನೀನೇ ಕೆಲಸ ಮುಗಿಸಿ ತೆಗೆದಿರಬೇಕು ಎಂದುಕೊಂಡೆ, ಹೇಗೂ ಕೈಬ್ರೇಕು ಇದೆ ಎಂದರು. ಪುಸ್ತಕ ತೆರೆದು ನೋಡಿದಿರಾ ಎಂದೆ. ನೋಡಿರಲಿಲ್ಲ. ನನಗೊಂದು ಫೋನು ಮಾಡಿದಿರಾ ಎಂದೆ. ಮಾಡಿರಲಿಲ್ಲ. ಟೋಪಿ ತೆಗೆದು ಕೈಯಲ್ಲಿ ತಿರುಗಿಸತೊಡಗಿದರು. ಅವರ ಮುಖದಲ್ಲಿ ನಾಚಿಕೆಯಾದರೂ ಇತ್ತು.

ಇವನಲ್ಲಿ ಅದೂ ಇರಲಿಲ್ಲ. “ಮೇಡಂ, ಮಕ್ಕಳ ಮುಂದೆ ಸೀನ್ ಬೇಡ. ಒಂದ್ ಚಿಕ್ಕ ರೌಂಡು, ಸ್ಲೋ ಆಗಿ ಹೋದ್ರೆ—”

“ನಿಮ್ ಡೇಟಾ ಸೆಂಟರಲ್ಲಿ ಸ್ವಿಚ್ ಮೇಲೆ ಯಾರೋ ಬಿಲ್ಲೆ ಹಾಕಿರ್ತಾರೆ. ಮುಟ್ಬೇಡಿ, ಕೆಲಸ ನಡೀತಿದೆ ಅಂತ. ತೆಗೀತೀರಾ ನೀವು?”

“ಛೇ, ಕೆಲಸದಿಂದ ತೆಗೆದುಹಾಕ್ತಾರೆ.”

“ಮತ್ತೆ ಇದು?”

“ಅದು ಬೇರೆ ಮೇಡಂ” ಎಂದ. “ಅಲ್ಲಿ ಇಂಗ್ಲಿಷಲ್ಲಿ ಬರೆದಿರತ್ತೆ.”

ನವೆಂಬರ್ ತಿಂಗಳು, ಕೊರಳಲ್ಲಿ ಹಳದಿ ಕೆಂಪು ಶಲ್ಯ, ಬಾಯಲ್ಲಿ ಈ ಮಾತು. ಅದನ್ನು ಹೇಳಿ ಅವನಿಗೆ ಏನೂ ಆಗಲಿಲ್ಲ. ಓದಲು ಬಾರದವರು ಅಷ್ಟೂ ವರ್ಷ ಆ ತಗಡನ್ನು ಕಾಪಾಡಿದ್ದರು. ಓದಲು ಬಂದವನು ಅದನ್ನು ಹೂವಿನ ನಡುವೆ ಸಿಕ್ಕಿಸಿದ. ಎರಡು ವರ್ಷದ ಹಿಂದೆ ಮೊಳೆಗೆ ಓರಣವಾಗಿ ಹಾಕಿದವಳೂ ಓದಲು ಬಂದವಳೇ, ಅದನ್ನು ನಾನು ಮರೆತಿಲ್ಲ. ಆದರೆ ನನ್ನನ್ನು ಗುಂಡಿಗೆ ಇಳಿಸುವವರಿದ್ದರು.

“ಎಲ್ಲಾ ಇಳೀರಿ” ಎಂದೆ. ಯಾರೂ ಕದಲಲಿಲ್ಲ. “ಏನ್ ಇವ್ರದ್ದು, ಪಾಪ ಮಕ್ಳು ಎಷ್ಟೊತ್ತಿಂದ ಕಾಯ್ತಿದ್ವು” ಎಂದಳು ಒಬ್ಬಳು. ಒಂದು ಹುಡುಗಿ ತಾಯಿಯನ್ನು “ವೈ ಈಸ್ ಆಂಟಿ ಸೋ ಮ್ಯಾಡ್?” ಎಂದು ಕೇಳುತ್ತಿತ್ತು.

ಆಗ ಮೊದಲ ಸೀಟಿನಿಂದ ಅವರ ಹೆಂಡತಿ ಎದ್ದರು. ಮೆಟ್ಟಿಲ ಬಳಿ ಬಂದು ನನ್ನನ್ನು ಕೇಳಿದರು. “ತಗಡು ತೆಗ್ದಿದಾರಾ?”

“ಹೂಂ ಆಂಟಿ.”

“ನೀನು ತೆಗೆದ್ಯಾ?”

“ಇಲ್ಲ.”

ಅವರು ಶಾಲನ್ನು ತೆಗೆದು, ಮಡಿಸಿ, ಸೀಟಿನ ಮೇಲೆ ಇಟ್ಟು ಇಳಿದರು. ಅವರ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಹಸಿರು ಟ್ರಾಮನ್ನು ತನ್ನಿ, ಅದರ ಬ್ರೇಕಿಗೆ ನಾನು ಹೊಣೆ ಎಂದೆ. ತಂದರು. ಮಕ್ಕಳಿಗೆ ಯಾವ ಬಣ್ಣವಾದರೂ ಒಂದೇ, ಕೂಗುತ್ತ ಹತ್ತಿದವು. ನಾನು ದೀಪದಿಂದ ೪೧೭ನ್ನು ಬಿಡಿಸಿ, ಹಳದಿಯ ಹಿಡಿಗೆ ಅದು ಇದ್ದಂತೆಯೇ ಹಾಕಿದೆ. ಅದರ ಮೇಲೆ, ಚೀಲದಿಂದ ತೆಗೆದು, ನನ್ನದನ್ನೂ ಹಾಕಿದೆ.

ಆಂಟಿ ನನ್ನ ಹಿಂದೆಯೇ ಬಂದು ನೋಡುತ್ತಿದ್ದರು. “ನಾನೂರ ಹದಿನೆಂಟು ನಿಂಗೆ ಕೊಟ್ರಾ?” ಎಂದರು.

“ಹೂಂ. ಅವರದರ ಮುಂದಿನದು ಅಂತ ಇರ್ಬೇಕು.”

“ಮುಂದಿನದೇ. ಜೊತೆಗೆ ಸೇರಿದ ಹುಡುಗಂದು. ಒಂದೇ ರೂಮಲ್ಲಿದ್ರು. ಅವನು ಬೋಗಿ ಕೆಳಗಿದ್ದಾಗ ಯಾರ್ಯಾರೋ ಅವಸರ ಮಾಡಿ, ಕೆಳಗೆ ಜನ ಇದಾರೆ ಅಂತ ಕಟ್ಟಿದ್ದ ಕೆಂಪು ಬಾವುಟ ತೆಗೆದ್ರಂತೆ. ಕೈ ಎರಡೂ ಹೋಯ್ತು. ಇವ್ರು ಹೊರಗೆ ಟೀ ಕುಡೀತಿದ್ರಂತೆ. ನಂಗೂ ಒಂದೇ ಸಲ ಹೇಳಿದ್ದು, ಮದುವೆಯಾದ ಹೊಸತರಲ್ಲಿ. ಆಮೇಲೆ ಎತ್ತಿಲ್ಲ.”

ಆ ಕ್ಷಣ ನನಗೆ ಅಳು ಬರಬೇಕಿತ್ತೇನೋ. ಬಂದದ್ದು ಸಿಟ್ಟು, ಅವರ ಮೇಲೆಯೇ. ಹೇಳಬಹುದಿತ್ತಲ್ಲ ಈ ಮನುಷ್ಯ! ಮೂವತ್ತು ಮಕ್ಕಳ ಮುಂದೆ ಬೈಯುವ ಬದಲು, ಗುಂಡಿಯಲ್ಲಿ ಮಲಗಿಸುವ ಬದಲು, ಇದೊಂದನ್ನು ಹೇಳಿದ್ದರೆ ಸಾಕಿತ್ತು. ತಗಡು ಎಸೆದು, ಇನ್ನೇನೂ ಇಲ್ಲ ಅದರಲ್ಲಿ ಎಂದರಲ್ಲ. ಒಂದು ಸಲ ಎದುರು ಸಿಕ್ಕರೆ ಕೇಳುತ್ತೇನೆ. ಉತ್ತರ ಗೊತ್ತಿದೆ: “ಹೇಳಿದ್ರೆ ನೀನು ನನಗೋಸ್ಕರ ಮುಟ್ತಿರ್ಲಿಲ್ಲ. ಈಗ ಬ್ರೇಕಿಗೋಸ್ಕರ ಮುಟ್ಟಲ್ಲ.” ಹೀಗೆಯೇ ಎನ್ನುತ್ತಿದ್ದರು. ಅದಕ್ಕೂ ಸಿಟ್ಟು.

ಸಂಘದ ಗುಂಪಿನಲ್ಲಿ ಆ ರಾತ್ರಿ ನೂರಾರು ಫೋಟೋ ಬಂದವು. ದೀಪದ ಮೇಲೆ ೪೧೭ ಇರುವ ಹಳದಿ ಟ್ರಾಮಿನ ಫೋಟೋಕ್ಕೆ ಎಲ್ಲಕ್ಕಿಂತ ಹೆಚ್ಚು ಹೃದಯಗಳು. ಈ ವರ್ಷದ ಸಂಚಿಕೆಯ ಮುಖಪುಟವೂ ಅದೇ.

ಹೊಸ ಚರ್ಮ ಬರುವಾಗ ಚಳಿಗಾಲ ಹಿಡಿದಿತ್ತು. ಆ ಷೆಡ್ಡಿನಲ್ಲಿ ಒಲೆಯಿಲ್ಲ, ಬೆರಳು ಬಾಗುವುದಿಲ್ಲ. ವಸಂತದಲ್ಲಿ ಕೂರಿಸಿದೆ, ಸೋರಿತು. ತೆಗೆದೆ. ಎರಡನೆಯದನ್ನು ತರಿಸಿ, ಎಣ್ಣೆಯಲ್ಲಿ ನೆನೆಸಿ, ಅಂಗೈಯಲ್ಲಿ ಬಿಸಿ ಮಾಡಿ, ಹೋದ ತಿಂಗಳು ಕೂರಿಸಿದ್ದೇನೆ. ಆಂಟಿ ಅಂಟುವಾಳದ ಡಬ್ಬಿಯನ್ನೇ ಕೊಟ್ಟುಬಿಟ್ಟಿದ್ದಾರೆ, ರೇಷ್ಮೆ ಸೀರೆ ಇನ್ನೆಲ್ಲಿ ಉಡುತ್ತೇನೆ ಎಂದು. ನಿಯಮದ ಪ್ರಕಾರ ಅವರ ಕೆಲಸವನ್ನು ಮುಗಿಸಿ, ಪರೀಕ್ಷೆ ಮಾಡಿ, ಸಹಿ ಹಾಕಿದರೆ ೪೧೭ನ್ನು ತೆಗೆಯುವ ಹಕ್ಕು ನನ್ನದು. ಅಧ್ಯಕ್ಷರು ಈಗ ದೂರದಿಂದಲೇ ವಿಚಾರಿಸುತ್ತಾರೆ, ಅವಸರ ಮಾಡುವುದಿಲ್ಲ.

ನಿನ್ನೆ ಕಾರ್ಯದರ್ಶಿ ಫೋನು ಮಾಡಿದ. ಹೋದ ವರ್ಷ ಏನೂ ಆಗಲೇ ಇಲ್ಲವೆಂಬ ದನಿ.

“ಮೇಡಂ, ಆರ್ಟಿಕಲ್ ನೋಡಿದ್ರಾ, ಚೆನ್ನಾಗಿ ಬಂದಿದೆ ಅಲ್ವಾ? ಮತ್ತೆ ಈ ಸಲದ ರಾಜ್ಯೋತ್ಸವಕ್ಕೆ ನಮ್ ಯೆಲ್ಲೋ ಕಾರ್ ರೆಡಿ ಆಯ್ತಾ?”

ನಾನು ಆಗ ಟ್ರಾಮಿನೊಳಗೇ ಇದ್ದೆ. ಬ್ರೇಕು ಹಾಕಿ, ಮುಳ್ಳಿನ ಮುಂದೆ ಹದಿಮೂರು ನಿಮಿಷದಿಂದ ಕೂತಿದ್ದೆ. “ಎರಡು ನಿಮಿಷ ಮಾತಾಡ್ಬೇಡಿ” ಎಂದೆ. ಹೇಗೋ ಸುಮ್ಮನಿದ್ದ. ಹದಿನೈದು ಮುಗಿಯಿತು. ಕನ್ನಡಕ ಒರೆಸಿಕೊಂಡು ಹತ್ತಿರದಿಂದ ನೋಡಿದೆ.

ಒಂದು ಗೀಟು ಇಳಿದಿತ್ತು.

“ಇಲ್ಲ” ಎಂದೆ. ಫೋನನ್ನು ಆಚೆ ಇಟ್ಟು, ಅಂಟುವಾಳದ ಥರ್ಮಾಸ್ ತೆಗೆದುಕೊಂಡು ಗುಂಡಿಗೆ ಇಳಿದೆ. ತಗಡು ಎರಡೂ ಮೇಲೆ ಹಿಡಿಯಲ್ಲೇ ಇವೆ.